3,240 ವ್ಯಾಟ್ ಅಂತ ಬರೆದಿದೆ, 2,300 ಯಾಕೆ ಬರ್ತಿದೆ?

ಮನೆ ಸೋಲಾರ್ ಶುರುವಾದ ಮೊದಲ ದಿನ, ಮಧ್ಯಾಹ್ನ 12 ಗಂಟೆಗೆ ನಾನು ಇನ್ವರ್ಟರ್ (ಪ್ಯಾನೆಲ್ ಕೊಡುವ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಾಯಿಸುವ ಪೆಟ್ಟಿಗೆ) ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಆಕಾಶದಲ್ಲಿ ಒಂದು ಚೂರೂ ಮೋಡ ಇಲ್ಲ. ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗದಷ್ಟು ಬಿಸಿಲು. ಪುಟ್ಟ ಪರದೆ ಮೇಲೆ 2,300 ಚಿಲ್ಲರೆ ವ್ಯಾಟ್. ಅಷ್ಟೇ. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ, 2,320 ಆಯಿತು, 2,290 ಆಯಿತು, ಅದಕ್ಕಿಂತ ಮೇಲೆ ಹೋಗಲೇ ಇಲ್ಲ.

ಹಾಕಿಸಿದ್ದು 540 ವ್ಯಾಟಿನ ಆರು ಪ್ಯಾನೆಲ್. ಒಟ್ಟು 3,240. ಹಾಗಾದರೆ ಉಳಿದ 900 ಚಿಲ್ಲರೆ ಎಲ್ಲಿ ಹೋಯಿತು? ನಿಜ ಹೇಳಬೇಕು ಅಂದರೆ ಟೋಪಿ ಹಾಕಿದರು ಅಂತಲೇ ಅನಿಸಿತು. ತಕ್ಷಣ ಅಳವಡಿಸಿದವರಿಗೆ ಫೋನ್ ಮಾಡಿದೆ. ಅಲ್ಲಿನ ಇಂಜಿನಿಯರ್ ಹುಡುಗ ನಕ್ಕ. "ಎಲ್ಲರೂ ಮೊದಲ ದಿನ ಇದೇ ಕೇಳೋದು ಸಾರ್. ನಾಳೆ ಬಂದು ತೋರಿಸ್ತೀನಿ, ಪ್ಯಾನೆಲ್ ಎಲ್ಲೂ ಓಡಿಹೋಗಲ್ಲ."

ಅವನು ಬರುವ ಮುಂಚೆ, ಹಾಕಿಸಿದ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಅರ್ಜಿ, ಸಹಿ, ಓಡಾಟ ಇದೆಲ್ಲ ಬೇಜಾರಿನ ವಿಷಯ, ಬಿಡಿ. ತಾರಸಿ ಮೇಲಿನ ಕೆಲಸ ಎರಡೇ ದಿನದ್ದು. ಮೊದಲ ದಿನ ಸ್ಟ್ಯಾಂಡ್ ನಿಲ್ಲಿಸಿದರು. ಭೂಮಧ್ಯರೇಖೆಗಿಂತ ಉತ್ತರಕ್ಕಿರುವವರು ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿಸಬೇಕು, ದಕ್ಷಿಣಕ್ಕಿರುವವರು ಉತ್ತರಕ್ಕೆ. ಓರೆ ಎಷ್ಟಿರಬೇಕು ಅಂದರೆ ಹೆಚ್ಚುಕಮ್ಮಿ ಆ ಜಾಗದ ಅಕ್ಷಾಂಶದಷ್ಟು. ಎರಡು ಮೂರು ಡಿಗ್ರಿ ಆಚೀಚೆ ಆದರೆ ಏನೂ ಮುಳುಗಿಹೋಗುವುದಿಲ್ಲ.

ಎರಡನೇ ದಿನ ಪ್ಯಾನೆಲ್ ಮೇಲೆ ಬಂತು. ಒಂದೊಂದು ಸುಮಾರು 28 ಕಿಲೋ. ಎತ್ತುವಾಗ ನಾನೂ ಒಂದು ಮೂಲೆ ಹಿಡಿದೆ. ಗಾಳಿ ಬೀಸಿದರೆ ತೂಕಕ್ಕಿಂತ ಗಾಳಿಯೇ ಕಷ್ಟ, ಮನುಷ್ಯನನ್ನೂ ಸೇರಿಸಿ ಎಳೆದುಕೊಂಡು ಹೋಗುತ್ತದೆ. ಹತ್ತಿರದಿಂದ ನೋಡಿದ್ದು ಆಗಲೇ. ಮೇಲೆ 3 ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ಗಟ್ಟಿ ಗಾಜು. ಅದರ ಕೆಳಗೆ ಕಪ್ಪು ಸಿಲಿಕಾನ್ ತುಂಡುಗಳು, ಸೆಲ್ ಅನ್ನುವುದು ಇವಕ್ಕೇ, ಎರಡು ಹಾಳೆ ಜೋಡಿಸಿದಷ್ಟೂ ದಪ್ಪ ಇಲ್ಲ. ಅದರ ಮೇಲೆ ಕೂದಲೆಳೆಯಂಥ ಬೆಳ್ಳಿ ಗೆರೆಗಳು. ಬೆಳಕಿಗೆ ಅಡ್ಡ ಬರಬಾರದು, ಆದರೆ ಕರೆಂಟನ್ನು ಬಾಚಿಕೊಂಡು ಬರಬೇಕು, ಅದಕ್ಕೇ ಅಷ್ಟು ಸಣ್ಣ. ಇಷ್ಟು ತೆಳುವಾದ ವಸ್ತುವಿನ ಮೇಲೆ ಒಬ್ಬ ಪುಣ್ಯಾತ್ಮ ಬೋಲ್ಟ್ ಬಿಗಿಯೋಕೆ ಅಂತ ಮೊಣಕಾಲೂರಿ ಹತ್ತಿಬಿಟ್ಟ! ನಾನು ಕೂಗಿಕೊಂಡೆ. ಗಾಜು ಒಡೆಯುವುದಿಲ್ಲ, ಅದು ನಿಜ. ಆದರೆ ಒಳಗಿನ ಸಿಲಿಕಾನ್ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಡುತ್ತದೆ, ಅದರ ನಷ್ಟ ವರ್ಷಗಳ ಮೇಲೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲಿ ಕೆಲಸ ನಡೆಯುವಾಗ ದಯವಿಟ್ಟು ಮೇಲೆ ಹೋಗಿ ನಿಂತುಕೊಳ್ಳಿ.

ಆರೂ ಪ್ಯಾನೆಲನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಅನ್ನುವ ಹಾಗೆ ಜೋಡಿಸಿದರು. ಕೊನೆಗೆ ಎರಡು ವೈರ್ ಉಳಿಯಿತು. ಆ ಇಂಜಿನಿಯರ್ ಹುಡುಗ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟ. 280 ವೋಲ್ಟ್! ಯಾವ ಸ್ವಿಚ್ಚೂ ಹಾಕಿಲ್ಲ, ಯಾವ ಮೋಟಾರೂ ತಿರುಗುತ್ತಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಸುಮ್ನೆ ಬೆಳಕು ಬಿದ್ದಿದೆ. ನನಗೆ ಮೈ ಜುಮ್ ಅಂದದ್ದು ಆಗ. ಅವನು ಮಾತ್ರ ತಣ್ಣಗೆ ಹೇಳಿದ: "ಇದನ್ನ ಮುಟ್ಟೋ ಸಾಹಸ ಮಾಡಬೇಡಿ ಸಾರ್. ಇದು ಡಿಸಿ, ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್. ಮನೆ ಕರೆಂಟ್ ಎಸಿ, ದಿಕ್ಕು ಬದಲಾಯಿಸ್ತಾ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ, ಕಿಡಿ ಹತ್ತಿದ್ರೂ ಆರೋಕೆ ಒಂದು ಅವಕಾಶ ಇರುತ್ತೆ. ಇದು ಸೊನ್ನೆಗೆ ಬರೋದೇ ಇಲ್ಲ. ಓಡ್ತಿರುವಾಗ ಕನೆಕ್ಟರ್ ಎಳೆದ್ರೆ ಕಿಡಿ ಹತ್ತಿಕೊಂಡೇ ಇರುತ್ತೆ." ಮತ್ತೊಂದು ಮಾತು, ಹಗಲು ಹೊತ್ತಲ್ಲಿ ಪ್ಯಾನೆಲನ್ನು ಆಫ್ ಮಾಡುವುದು ಅಂತ ಇಲ್ಲವೇ ಇಲ್ಲ. ಡಿಸಿ ಸ್ವಿಚ್ ತೆಗೆದರೆ ಕರೆಂಟ್ ಮುಂದೆ ಹೋಗುವುದಿಲ್ಲ, ಆದರೆ ಸ್ವಿಚ್ಚಿನ ತನಕ ವೈರಿನಲ್ಲಿ ವೋಲ್ಟ್ ಇದ್ದೇ ಇರುತ್ತದೆ.

ನಾನು ಫೋನ್ ಮಾಡಿದ ಮರುದಿನ ಹುಡುಗ ಬಂದ. ಕೈಯಲ್ಲಿ ಎರಡು ಪುಟ್ಟ ಯಂತ್ರ. ಒಂದು, ಗುರಿಯಿಟ್ಟು ಒತ್ತಿದರೆ ಬಿಸಿ ಎಷ್ಟಿದೆ ಅಂತ ಹೇಳುವ ಗನ್. ಇನ್ನೊಂದು, ಬಿದ್ದ ಬೆಳಕನ್ನು ಅಳೆಯುವ ಮೀಟರ್.

ಗನ್ನನ್ನು ಪ್ಯಾನೆಲ್ಲಿನ ಬೆನ್ನಿಗೆ ಹಿಡಿದ. 62 ಡಿಗ್ರಿ. "ಒಳಗಿನ ಸೆಲ್ ಇನ್ನೂ ಎರಡು ಮೂರು ಡಿಗ್ರಿ ಜಾಸ್ತಿ ಇರುತ್ತೆ. 65 ಅಂತ ಇಟ್ಕೊಳ್ಳಿ. ಈಗ ನಿಮ್ಮ ಪ್ಯಾನೆಲ್ ಹಿಂದೆ ಅಂಟಿಸಿರೋ ಚೀಟಿ ಓದಿ." ಬಗ್ಗಿ ಓದಿದೆ. 540 ವ್ಯಾಟ್ ಅನ್ನುವುದರ ಜೊತೆಗೆ ಸಣ್ಣ ಅಕ್ಷರದಲ್ಲಿ ಷರತ್ತಿತ್ತು: ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುತ್ತಿರಬೇಕು, ಸೆಲ್ಲಿನ ಬಿಸಿ 25 ಡಿಗ್ರಿ ಇರಬೇಕು. ಅಷ್ಟು ಜೋರು ಬಿಸಿಲಲ್ಲಿ ಸೆಲ್ 25 ಡಿಗ್ರಿಯಲ್ಲಿ ಕೂರುವುದು ಪ್ರಯೋಗಾಲಯದಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು ದೀಪ ಬೆಳಗಿಸಿ ಪರೀಕ್ಷೆ ಮಾಡುವಾಗ. ತಾರಸಿ ಮೇಲೆ ಅದು ಅಪರೂಪ.

ನಾನು ಅಲ್ಲಿಯವರೆಗೆ ತಿಳಿದದ್ದು ಉಲ್ಟಾ. ಬಿಸಿಲು ಅಂದರೆ ಬಿಸಿ, ಬಿಸಿ ಜಾಸ್ತಿ ಆದರೆ ಕರೆಂಟ್ ಜಾಸ್ತಿ, ಅಲ್ವಾ? ಅಲ್ಲ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಬಿಸಿ ಅದಕ್ಕೆ ಶತ್ರು. ನೀರು ಕಾಯಿಸುವ ಸೋಲಾರ್ ಬೇರೆ, ಇದು ಬೇರೆ. ನಾನು ಎರಡನ್ನೂ ತಲೆಯಲ್ಲಿ ಒಂದೇ ಮಾಡಿಕೊಂಡಿದ್ದೆ.

ಒಳಗೆ ಏನಾಗುತ್ತದೆ ಅನ್ನುವುದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಸಿಲಿಕಾನ್ ಪರಮಾಣು ತನ್ನ ನಾಲ್ಕು ಎಲೆಕ್ಟ್ರಾನ್‌ಗಳನ್ನು ಅಕ್ಕಪಕ್ಕದವರ ಜೊತೆ ಹಂಚಿಕೊಂಡು ತೆಪ್ಪಗೆ ಕೂತಿರುತ್ತದೆ. ಅದರ ಒಂದು ಪದರಕ್ಕೆ ಚೂರು ರಂಜಕ ಬೆರೆಸುತ್ತಾರೆ, ಅದರ ಬಳಿ ಐದಿದೆ, ಒಂದು ಜಾಸ್ತಿ. ಇನ್ನೊಂದು ಪದರಕ್ಕೆ ಬೋರಾನ್, ಅದರ ಬಳಿ ಮೂರೇ, ಒಂದು ಕಮ್ಮಿ. ಈ ಎರಡು ಪದರ ಸೇರುವ ಗಡಿಯಲ್ಲಿ ತಾನಾಗಿಯೇ ಒಂದು ವಿದ್ಯುತ್ ಇಳಿಜಾರು ಹುಟ್ಟುತ್ತದೆ. ಮಕ್ಕಳ ಜಾರುಬಂಡಿ ಅಂದುಕೊಳ್ಳಿ. ಎಲೆಕ್ಟ್ರಾನನ್ನು ಮೆಟ್ಟಿಲು ಹತ್ತಿಸುವುದು ಬೆಳಕು. ಹತ್ತಿದ ಮೇಲೆ ಅದು ಜಾರುವುದು ಒಂದೇ ಕಡೆಗೆ. ಕೆಳಗಿಳಿದ ಮಗು ಮತ್ತೆ ಮೆಟ್ಟಿಲ ಬುಡಕ್ಕೆ ಬರಬೇಕಾದರೆ ಸುತ್ತು ಹಾಕಿಯೇ ಬರಬೇಕು ತಾನೆ? ಆ ಸುತ್ತು ದಾರಿಯಲ್ಲಿ ನಮ್ಮ ಫ್ಯಾನು, ಫ್ರಿಜ್ಜು ಇಟ್ಟಿದ್ದೇವೆ. ಒಂದು ಸೆಲ್ ಕೊಡುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕೇ ಸಾಲಾಗಿ ಜೋಡಿಸುತ್ತಾ ಹೋಗುವುದು.

ಬೆಳಕಿನಲ್ಲೂ ಎಲ್ಲ ಬಣ್ಣಕ್ಕೂ ಮೆಟ್ಟಿಲು ಹತ್ತಿಸುವ ತಾಕತ್ತು ಇಲ್ಲ. ಕೆಂಪಿನಿಂದ ತೀರಾ ಆಚೆಗಿರುವ ಕಣ್ಣಿಗೆ ಕಾಣದ ಕಿರಣಗಳಿಗೆ ಬಲ ಸಾಲದು. ನೀಲಿಗೆ ಬಲ ಜಾಸ್ತಿ, ಆದರೆ ಮೆಟ್ಟಿಲು ಹತ್ತಿಸಿ ಮಿಕ್ಕ ಬಲ ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಇಂಥ ಒಂದೇ ಗಡಿಯ ಸೆಲ್ಲಿಗೆ, ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಸುಮಾರು 30ಕ್ಕಿಂತ ಜಾಸ್ತಿಯನ್ನು ವಿದ್ಯುತ್ ಮಾಡೋಕೆ ಆಗುವುದೇ ಇಲ್ಲ ಅಂತ ಶಾಕ್ಲಿ ಮತ್ತು ಕ್ವೈಸರ್ ಅನ್ನುವ ಇಬ್ಬರು ವಿಜ್ಞಾನಿಗಳು 1961ರಲ್ಲೇ ಲೆಕ್ಕ ಹಾಕಿಟ್ಟರು, ಈಗಿನ ಲೆಕ್ಕದಲ್ಲಿ ಆ ಮಿತಿ ಸುಮಾರು 33. ನಮ್ಮ ಮನೆಯದು 21ರ ಹತ್ತಿರ. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಬಳಕೆಗೆ ಬರುವಂಥ ಮೊದಲ ಸಿಲಿಕಾನ್ ಸೆಲ್ ತೋರಿಸಿದಾಗ ಅದು ಇದ್ದದ್ದು ಸುಮಾರು 6. ಬೆಳಕಿನಿಂದ ವಿದ್ಯುತ್ ಹುಟ್ಟುತ್ತದೆ ಅಂತ ಬೆಕ್ವೆರೆಲ್ ಅನ್ನುವ ಫ್ರೆಂಚ್ ಹುಡುಗ 1839ರಲ್ಲೇ ಕಂಡಿದ್ದ, 19 ವರ್ಷಕ್ಕೆ. ಅಲ್ಲಿಂದ ಇಲ್ಲಿಗೆ ಬರೋಕೆ ಇಷ್ಟು ಕಾಲ ಹಿಡಿಯಿತು.

ಸರಿ, ನನ್ನ 900 ವ್ಯಾಟ್. ಹುಡುಗ ನನ್ನ ಮಗಳ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದ. 25ರ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ 0.35ರಷ್ಟು ಕಡಿಮೆಯಾಗುತ್ತದೆ, ಅದೂ ಚೀಟಿಯಲ್ಲೇ ಇದೆ. 40 ಡಿಗ್ರಿ ಜಾಸ್ತಿ ಅಂದರೆ ನೂರಕ್ಕೆ 14. ಉಳಿದದ್ದು 2,786. ಬೆಳಕಿನ ಮೀಟರ್ ತೋರಿಸಿದ್ದು 1,000 ಅಲ್ಲ, 900. ಅಲ್ಲಿಗೆ 2,507. ಗಾಜಿನ ಮೇಲೆ ಬೆರಳಾಡಿಸಿ ಧೂಳು ತೋರಿಸಿದ, ಕಟ್ಟಡ ಕೆಲಸದ ಸಿಮೆಂಟ್ ಪುಡಿಯೂ ಸೇರಿತ್ತು, ಅದಕ್ಕೆ ನಾಲ್ಕು ಪರ್ಸೆಂಟ್ ಇಟ್ಟ. ಡಿಸಿಯನ್ನು ಎಸಿ ಮಾಡುವಾಗ ಇನ್ವರ್ಟರ್ ತಿನ್ನುವುದು, ವೈರಿನಲ್ಲಿ ಹೋಗುವುದು ಎರಡೂ ಸೇರಿ ಇನ್ನೊಂದು ನಾಲ್ಕು. ಕೊನೆಗೆ ಬಂದ ಸಂಖ್ಯೆ 2,300ರ ಹತ್ತಿರ. ಪರದೆ ಮೇಲೆ ಇದ್ದದ್ದೂ ಅದೇ. ನಾನು ಬಾಯಿ ಮುಚ್ಚಿಕೊಂಡೆ.

ಧೂಳಿನ ಮಾತು ಬಂತಲ್ಲ, ತಕ್ಷಣ ಪೈಪ್ ಹಿಡಿದುಕೊಂಡು ಹೊರಟೆ. ಹುಡುಗ ಕೈ ಹಿಡಿದು ನಿಲ್ಲಿಸಿದ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಸೀಳುವ ಅಪಾಯ ಇದೆ. ಬೆಳಗ್ಗೆ ಬಿಸಿಲೇರುವ ಮುಂಚೆ ತೊಳೆಯಬೇಕು, ಮೆತ್ತನೆ ಬಟ್ಟೆಯಲ್ಲಿ, ಸೋಪಿನ ಪುಡಿ ಹಾಕದೆ. ಗಡಸು ನೀರಾದರೆ ಒಣಗುವ ಮೊದಲೇ ಒರೆಸಬೇಕು, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಹಕ್ಕಿ ಹಿಕ್ಕೆ ಕಂಡರೆ ಮಾತ್ರ ತಡ ಮಾಡಬಾರದು. ಒಂದೇ ಸೆಲ್ಲಿನ ಮೇಲೆ ಅದು ಒಣಗಿ ಕೂತರೆ, ಉಳಿದ ಸೆಲ್ಲುಗಳು ದೂಡುವ ಕರೆಂಟ್ ಆ ಒಂದರಲ್ಲಿ ಬಿಸಿಯಾಗಿ ಸುಡುತ್ತದೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ನೆರಳು. ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಬಿಸಿಲು ಚೆನ್ನಾಗಿದ್ದ ದಿನ 13 ಯೂನಿಟ್, ಮೋಡದ ದಿನ 4-5. ಆಮೇಲೆ ಒಂದು ವಾರ ನೋಡುತ್ತೇನೆ, ಬೆಳಗ್ಗೆ 9ರಿಂದ 10ರ ತನಕ ಗ್ರಾಫಿನಲ್ಲಿ ಒಂದು ಗುಂಡಿ. ಮೊಬೈಲಿನಲ್ಲಿ ದಿನವೂ ಅದೇ ಜಾಗದಲ್ಲಿ ಗುಂಡಿ. ಬೆಳಗ್ಗೆ ಮೇಲೆ ಹೋಗಿ ನಿಂತೆ. ಬಾತ್‌ರೂಮಿನ ಗಾಳಿ ಪೈಪು, ತೋಳಿನಷ್ಟು ದಪ್ಪವೂ ಇಲ್ಲ, ಅದರ ನೆರಳು ಒಂದು ಪ್ಯಾನೆಲ್ಲಿನ ಮೂಲೆಯ ಮೇಲೆ ಮಲಗಿತ್ತು. ಹಾಕಿಸುವಾಗ ಸೂರ್ಯ ಎತ್ತರದಲ್ಲಿದ್ದ, ನೆರಳು ಗಿಡ್ಡವಾಗಿತ್ತು, ಯಾರಿಗೂ ಹೊಳೆಯಲಿಲ್ಲ. ಚಳಿಗಾಲಕ್ಕೆ ಸೂರ್ಯ ಕೆಳಗಿಳಿದ, ನೆರಳು ಉದ್ದವಾಯಿತು.

ಅಷ್ಟು ಸಣ್ಣ ನೆರಳಿಗೆ ಅಷ್ಟು ದೊಡ್ಡ ಗುಂಡಿ ಯಾಕೆ? ಮೋಲ್ಡ್ ಹಾಕುವಾಗ ಕೂಲಿಯವರು ಸಾಲಾಗಿ ನಿಂತು ಬಾಂಡ್ಲಿ ಕೈ ಬದಲಾಯಿಸುತ್ತಾರಲ್ಲ, ಹಾಗೆ. ಮಧ್ಯದಲ್ಲಿ ಒಬ್ಬ ನಿಧಾನ ಮಾಡಿದರೆ ಇಡೀ ಸಾಲೇ ಅವನ ವೇಗಕ್ಕೆ ಇಳಿಯುತ್ತದೆ. ಸಾಲಾಗಿ ಜೋಡಿಸಿದ ಸೆಲ್ಲುಗಳ ಕಥೆಯೂ ಅಷ್ಟೇ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ಇದಕ್ಕೆ ಪ್ಯಾನೆಲ್ಲಿನ ಹಿಂದೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಸುಸ್ತಾದವನ ತಲೆ ಮೇಲಿಂದಲೇ ಬಾಂಡ್ಲಿಯನ್ನು ಆಚೆಯವನಿಗೆ ದಾಟಿಸುವ ಕೆಲಸ ಅವುಗಳದ್ದು. ಸಾಲು ನಿಲ್ಲುವುದಿಲ್ಲ, ಆದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗವೇ ಲೆಕ್ಕದಿಂದ ಹೊರಗೆ. ಪೈಪನ್ನು ಒಂದೂವರೆ ಅಡಿ ಕತ್ತರಿಸಿದೆವು. ಗುಂಡಿ ಮಾಯ. ಹಾಕಿಸುವ ಮುಂಚೆ ವರ್ಷವಿಡೀ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ನೋಡಿ ಅಂತ ನಾನು ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಯಾವ ಕಂಪನಿ ಪ್ಯಾನೆಲ್ ಅನ್ನುವುದಕ್ಕಿಂತ ಇದು ಮುಖ್ಯ.

ಒಂದು ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಅಮ್ಮ ಒಳಗಿಂದಲೇ ಕೂಗಿದರು: "ಮೇಲೆ ಅಷ್ಟು ಬಿಸಿಲು ಸುರೀತಿದೆ, ಅಷ್ಟೆಲ್ಲ ಖರ್ಚು ಮಾಡಿ ಹಾಕಿಸಿದೀಯ, ಕರೆಂಟ್ ಯಾಕೋ ಹೋಯ್ತು?" ನನ್ನ ಹತ್ತಿರ ಉತ್ತರ ಇತ್ತು, ಆದರೆ ಅವರಿಗೆ ಸಮಾಧಾನ ಆಗುವ ಉತ್ತರ ಅಲ್ಲ. ನಮ್ಮದು ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ವ್ಯವಸ್ಥೆ. ಇನ್ವರ್ಟರ್ ಹೊರಗಿನ ಲೈನಿನ ತಾಳಕ್ಕೆ ತನ್ನ ತಾಳ ಹೊಂದಿಸಿಕೊಂಡು ಕರೆಂಟ್ ಕೊಡುತ್ತದೆ. ಲೈನ್ ಸತ್ತ ತಕ್ಷಣ ಇದೂ ಬಾಯಿ ಮುಚ್ಚಬೇಕು, ಅದು ನಿಯಮ. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯುತ್ತದೆ. ಕರೆಂಟ್ ಬಂದ ಮೇಲೂ ಅದು ತಕ್ಷಣ ಶುರುವಾಗುವುದಿಲ್ಲ, ಲೈನ್ ನೆಟ್ಟಗಿದೆಯಾ ಅಂತ ಸ್ವಲ್ಪ ಹೊತ್ತು ನೋಡಿಕೊಂಡು ಆಮೇಲೆ ಏಳುತ್ತದೆ. ಕರೆಂಟ್ ಪದೇ ಪದೇ ಹೋಗುವ ಕಡೆ ಇರುವವರು ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಅಂತ ಮೊದಲೇ ಯೋಚಿಸುವುದು ಒಳ್ಳೆಯದು. ನಾನು ಯೋಚಿಸಲಿಲ್ಲ.

ಮಗಳ ಪ್ರಶ್ನೆ ಬೇರೆ ಥರದ್ದು. "ಅಪ್ಪಾ, ಬೆಳದಿಂಗಳಲ್ಲಿ ಬರಲ್ವಾ?" ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಅಂದರೆ ನಮ್ಮ ಆರೂ ಪ್ಯಾನೆಲ್ ಸೇರಿದರೂ ಒಂದು ವ್ಯಾಟಿನ ನೂರನೇ ಭಾಗ ದಾಟುವುದಿಲ್ಲ. ಇನ್ವರ್ಟರ್ ಎಚ್ಚರ ಆಗೋಕೂ ಸಾಲದು.

ನಾನು ಮಾಡಿದ ದೊಡ್ಡ ತಪ್ಪು ಮೀಟರಿನದ್ದು. ಎರಡೂ ಕಡೆ ಎಣಿಸುವ ಹೊಸ ಮೀಟರ್ ಬರೋಕೆ ಇನ್ನೂ ದಿನ ಇತ್ತು. "ಸುಮ್ನೆ ಯಾಕೆ ಬಿಸಿಲು ವೇಸ್ಟ್ ಮಾಡ್ತೀರ, ಆನ್ ಮಾಡಿ" ಅಂತ ಕೆಲಸ ಮಾಡಿದವರಲ್ಲಿ ಒಬ್ಬರು ಹೇಳಿದರು, ನಾನೂ ಕೇಳಿದೆ. ಆ ತಿಂಗಳ ಬಿಲ್ ಕಡಿಮೆಯಾಗುವ ಬದಲು ಏರಿತು! ಆಮೇಲೆ ಗೊತ್ತಾಯಿತು, ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಕೆಲವಕ್ಕೆ ಕರೆಂಟ್ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಅನ್ನುವ ಭೇದ ಇಲ್ಲ, ಯಾವ ಕಡೆ ಹರಿದರೂ ಬಳಕೆ ಅಂತಲೇ ಎಣಿಸುತ್ತವೆ. ನಾನು ಲೈನಿಗೆ ಕೊಟ್ಟ ಕರೆಂಟಿಗೂ ನಾನೇ ದುಡ್ಡು ಕಟ್ಟಿದೆ. ಹೊಸ ಮೀಟರ್ ಕೂರುವ ತನಕ ಸ್ವಿಚ್ ಮುಟ್ಟಬೇಡಿ.

ಹೊಸ ಮೀಟರ್ ಬಂದ ಮೇಲೆ ಬಟ್ಟೆ ಒಗೆಯುವ ಮಷಿನ್, ನೀರಿನ ಮೋಟಾರ್, ಇಸ್ತ್ರಿ ಎಲ್ಲ ಹಗಲಿಗೆ ಬಂತು. ಪ್ಯಾನೆಲ್ ಕೊಟ್ಟದ್ದನ್ನು ಮೊದಲು ಮನೆಯೇ ತಿನ್ನುತ್ತದೆ, ಮಿಕ್ಕದ್ದು ಹೊರಗೆ ಹೋಗುತ್ತದೆ. ಹೊರಗೆ ಕೊಟ್ಟದ್ದಕ್ಕೆ ಏನು ಲೆಕ್ಕ ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಅದನ್ನು ನಿಮ್ಮ ನಿಮ್ಮ ಕಡೆ ವಿಚಾರಿಸಿಕೊಳ್ಳಿ.

ನನ್ನ ಗ್ರಾಫ್ ನೋಡಿ ಭಾವನಿಗೂ ಆಸೆಯಾಯಿತು. ಅವರದು ವರ್ಕ್‌ಶಾಪ್. ಹಗಲಲ್ಲೇ ಕೆಲಸ, ಹಗಲಲ್ಲೇ ಬಿಸಿಲು. ವ್ಯಾಪಾರ ಮಾಡುವವರಿಗೆ ಇದು ಮನೆಗಿಂತ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಮನೆಯಲ್ಲಿ ಕರೆಂಟ್ ಜಾಸ್ತಿ ಬೇಕಾಗುವುದೇ ಸಂಜೆ ಮೇಲೆ. 20 ಕಿಲೋವ್ಯಾಟ್, ತ್ರೀ ಫೇಸ್ ಹಾಕಿಸಿದರು. ಯೂನಿಟ್ಟೇನೋ ಅರ್ಧಕ್ಕಿಳಿಯಿತು. ಆದರೆ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಅಂತ ಹೊಸ ಸಾಲು! "ಏನಯ್ಯಾ ಇದು, ನಿನ್ನ ಮಾತು ಕೇಳಿ ದಂಡ ಕಟ್ಟೋ ಹಾಗಾಯ್ತಲ್ಲ" ಅಂದರು.

ಮೋಟಾರುಗಳಿಗೆ ಎರಡು ಥರದ ಕರೆಂಟ್ ಬೇಕು. ಒಂದು ನಿಜವಾಗಿ ಕೆಲಸ ಮಾಡುವುದು. ಇನ್ನೊಂದು, ಒಳಗೆ ಕಾಂತಕ್ಷೇತ್ರ ಕಟ್ಟಿಕೊಳ್ಳೋಕೆ ಸುಮ್ನೆ ಹೋಗಿ ಬರುವುದು. ಭಾವನ ಮಷಿನ್‌ಗಳು ಮೊದಲನೆಯದನ್ನು 40 ಕಿಲೋವ್ಯಾಟ್, ಎರಡನೆಯದನ್ನು 20ರಷ್ಟು ಎಳೆಯುತ್ತಿದ್ದವು, ಪವರ್ ಫ್ಯಾಕ್ಟರ್, ಅಂದರೆ ಒಟ್ಟು ಎಳೆತದಲ್ಲಿ ಕೆಲಸಕ್ಕೆ ಬರುವ ಪಾಲು, 0.89 (ಒಟ್ಟು ಅಂದರೆ ನೇರ ಕೂಡಿಸಿದ್ದಲ್ಲ, ಲಂಬಕೋನ ತ್ರಿಭುಜದ ಕರ್ಣದ ಹಾಗೆ ಲೆಕ್ಕ ಹಾಕಿದ್ದು). ಸೋಲಾರ್ ಬಂದು ಮೊದಲನೆಯದರಲ್ಲಿ 20 ತಾನು ಕೊಟ್ಟಿತು. ಎರಡನೆಯದು ಮಾತ್ರ ಪೂರ್ತಿ ಲೈನಿನಿಂದಲೇ. ಲೈನಿನ ಮೀಟರಿಗೆ ಕಾಣುವುದು ಈಗ 20ಕ್ಕೆ 20, ಅಂದರೆ 0.71. ಮಷಿನ್ ಬದಲಾಗಿಲ್ಲ, ತಪ್ಪೂ ಆಗಿಲ್ಲ, ಆದರೂ ದಂಡ. ಇನ್ವರ್ಟರಿನ ಸೆಟ್ಟಿಂಗ್ ಸ್ವಲ್ಪ ತಿದ್ದಿ, ಎರಡನೇ ಥರದ ಕರೆಂಟನ್ನು ಅಲ್ಲೇ ಒದಗಿಸುವ ಕೆಪಾಸಿಟರ್ ಪ್ಯಾನೆಲ್ ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಮೋಟಾರ್ ಜಾಸ್ತಿ ಇರುವ ಕಾರ್ಖಾನೆಯವರು ಸೋಲಾರ್ ಕೊಟೇಶನ್ ತೆಗೆದುಕೊಳ್ಳುವಾಗಲೇ ಇದನ್ನು ಕೇಳಬೇಕು, ತಾವಾಗಿ ಹೇಳುವವರು ಕಡಿಮೆ.

ಮೊನ್ನೆ ಬೆಳಗ್ಗೆಯೆಲ್ಲ ಮಳೆ. ಮಧ್ಯಾಹ್ನ ಮೋಡ ಒಡೆಯಿತು. ಪ್ಯಾನೆಲ್ ತೊಳೆದು ತಣ್ಣಗಾಗಿದೆ, ಸೂರ್ಯ ನೇರ ಬಂದಿದ್ದಾನೆ, ಪಕ್ಕದ ಬಿಳಿ ಮೋಡದ ಅಂಚು ಕೂಡ ಕನ್ನಡಿ ಹಾಗೆ ಬೆಳಕು ಚೆಲ್ಲುತ್ತಿದೆ. ಇಂಥ ಹೊತ್ತಲ್ಲಿ ಚೀಟಿಯಲ್ಲಿ ಬರೆದಿರುವ 1,000 ವ್ಯಾಟನ್ನೂ ಮೀರಿ ಬೆಳಕು ಬೀಳುತ್ತದೆ ಅಂತ ನನಗೆ ಈಗ ಗೊತ್ತು. ಕೆಳಗೆ ಓಡಿದೆ. 2,840. 2,960. 3,000. ಅಲ್ಲೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ, ಗ್ರಾಫಿನ ತಲೆ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮಟ್ಟಸ. ಒಂದು ವ್ಯಾಟ್ ಮೇಲಿಲ್ಲ.

ಮತ್ತೆ ಫೋನ್ ಮಾಡಿದೆ. ಹುಡುಗ ಈ ಸಲ ಇನ್ನೂ ಜೋರಾಗಿ ನಕ್ಕ. "ಸಾರ್, ಪ್ಯಾನೆಲ್ ಚೀಟಿ ಬಾಯಿಪಾಠ ಮಾಡಿದ್ದೀರಲ್ಲ, ಇನ್ವರ್ಟರ್ ಚೀಟಿ ಓದಿದ್ದೀರಾ?" ಬಗ್ಗಿ ನೋಡಿದೆ. 3 ಕಿಲೋವ್ಯಾಟ್.